ಕೊಳದ ಕಡೆಯ ಕಿಟಕಿ

ಹಳೆಯ ಮನೆ ನೋಡಲು ಹೋದಾಗ ನಾನು ಮೊದಲು ನೋಡುತ್ತಿದ್ದದ್ದು ಓಡಿಹೋಗುವ ದಾರಿಯನ್ನು. ಮನೆ ಕೊಂಡವರು ಕಮಾನು ತೋರಿಸುತ್ತಿರುತ್ತಾರೆ. ಆರ್ಕಿಟೆಕ್ಟ್ ಗೋಡೆಯ ಮೇಲೆ ಅಳಿದುಳಿದ ಬಣ್ಣದ ಹೂಬಳ್ಳಿಗೆ ಕ್ಯಾಮೆರಾ ಹಿಡಿದಿರುತ್ತಾನೆ. ನಾನು ಹೂಂ ಹೂಂ ಎನ್ನುತ್ತಲೇ, ಈ ಚಾವಣಿ ಈಗಿಂದೀಗ ಕುಸಿದರೆ ಯಾವ ಬಾಗಿಲಿನಿಂದ ಹಾರಬೇಕು ಎಂದು ಯೋಚಿಸುತ್ತಿದ್ದೆ. ಇದನ್ನು ಕೇಳಿ ನಗುವ ಹುಡುಗರಿಗೆ ಹೇಳುವುದಿಷ್ಟೆ: ನಗಿ, ಆದರೆ ಬಾಗಿಲ ಹತ್ತಿರ ನಿಂತು ನಗಿ.

ಈಗ ಪಾಳುಬಿದ್ದ ಮನೆಗಳನ್ನು ರಿಪೇರಿ ಮಾಡಿಸಿ ಇರಲು ಹೋಗುವುದು ದೆಹಲಿಯ ಸುತ್ತ ಒಂದು ಶೋಕಿಯಾಗಿದೆ. ಆ ಕೆಲಸಕ್ಕೆ ಇಳಿಯುವ ಹುಡುಗರ ಹತ್ತಿರ ಕೆಂಪು ಬೆಳಕು ಬಿಟ್ಟು ಅಳೆಯುವ ಯಂತ್ರವಿದೆ, ಕಂಪ್ಯೂಟರಿನಲ್ಲಿ ಮನೆಯನ್ನು ಹಣ್ಣಿನಂತೆ ಹೆಚ್ಚಿ ತೋರಿಸುವ ವಿದ್ಯೆಯಿದೆ. ಇರಲಿ, ಒಳ್ಳೆಯದೇ. ಹೆದರಿಕೆ ಮಾತ್ರ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದನ್ನು ಕೆಲಸದ ಜಾಗದಲ್ಲೇ ಸಂಪಾದಿಸಬೇಕು, ಸಂಪಾದಿಸಿದ ಮೇಲೆ ಕಳೆದುಕೊಳ್ಳಬಾರದು.

ನನ್ನ ಸಂಪಾದನೆ ಶುರುವಾದದ್ದು ಹೀಗೆ. ರಾಣೆಬೆನ್ನೂರಿನಲ್ಲಿ ಪಿಯುಸಿ ಫೇಲಾಗಿ, ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿದ್ದ ಸೋದರಮಾವನ ಬಾಲ್ಕನಿಯಲ್ಲಿ ಹಾಸಿಗೆ ಹಾಸಿದವನು ನಾನು. ಮಾವ ಕಚೇರಿಯಲ್ಲಿ ಒಂದು ಗುಮಾಸ್ತೆ ಕೆಲಸ ಕೊಡಿಸಲು ಓಡಾಡಿದರು, ಆಗಲಿಲ್ಲ. ಕೆಡವಿದ ಮನೆಗಳ ಬಾಗಿಲು, ಕಂಬ, ಚೌಕಟ್ಟು ಮಾರುವ ಚಾವ್ಲಾಜಿ ಎಂಬ ವ್ಯಾಪಾರಿಯ ಅಂಗಡಿಗೆ ಸೇರಿದೆ. ಹಿಂದಿ ಸರಿಯಾಗಿ ಬರುವ ಮೊದಲೇ ಚೌಕಾಸಿ ಬಂತು. ಬೆಲೆ ಕೇಳಿದ ಮೇಲೆ ಮಾತಾಡದೆ ಮರವನ್ನು ಮುಟ್ಟುತ್ತಾ ನಿಂತರೆ ಸಾಕು, ಎದುರಿನವನೇ ಇಳಿಯುತ್ತಾನೆ. ಭಾಷೆ ಬಾರದವನಿಗೆ ಇದು ವರವೇ ಆಯಿತು.

ಒಮ್ಮೆ ಒಂದು ಹಳೆಯ ಮನೆಯ ಬಾಗಿಲು ಕೀಳಲು ಹೋಗಿದ್ದೆವು. ಊಟಕ್ಕೆಂದು ಎಲ್ಲರೂ ಹೊರಗೆ ಬೇವಿನ ಮರದ ಕೆಳಗೆ ಕೂತೆವು. ನಾನು ನೀರಿನ ಚೊಂಬು ಒಳಗೇ ಮರೆತಿದ್ದೆ. ತರಲು ಏಳುತ್ತಿದ್ದೆ, ಚಾವ್ಲಾಜಿ, "ಮೊದಲು ರೊಟ್ಟಿ ತಿನ್ನು, ಆರಿಹೋಗುತ್ತೆ" ಎಂದರು. ಕೂತೆ. ಆಗ ಒಳಗಿನ ಗೋಡೆ ಬಿತ್ತು. ದೊಡ್ಡ ಸದ್ದೇನೂ ಇಲ್ಲ. ಎತ್ತು ಮೊಣಕಾಲೂರಿ ಮಲಗುವಂತೆ ನಿಧಾನವಾಗಿ ಕುಸಿಯಿತು. ಧೂಳು ಇಳಿದ ಮೇಲೆ ನೋಡಿದರೆ ಚೊಂಬು ಕಾಗದದಂತೆ ಚಪ್ಪಟೆ.

"ಹಳೇ ಗೋಡೆ ಬೀಳೋ ಮುಂಚೆ ಮಾತಾಡುತ್ತೆ, ಬೇಟಾ," ಎಂದರು ಚಾವ್ಲಾಜಿ. "ಅದು ಮಾತಾಡುವಾಗ ನಾವು ಬೀಡಿ ಸೇದುತ್ತಾ ಇರ್ತೀವಿ, ಅಷ್ಟೇ."

ಏನು ಮಾತಾಡುತ್ತೆ ಎಂದು ಕೇಳಿದೆ. ಕಿವಿ ಇಟ್ಟು ಕೇಳು, ನಿನಗೇ ಗೊತ್ತಾಗುತ್ತೆ ಎಂದರು. ಗೊತ್ತಾಗಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಚಾವ್ಲಾಜಿ ತೀರಿಕೊಂಡಿದ್ದರು. ನಾನು ಸ್ವಂತಕ್ಕೆ ಹಳೆ ಮನೆಗಳ ರಿಪೇರಿ ಗುತ್ತಿಗೆ ಹಿಡಿಯುವ ಠೇಕೇದಾರನಾಗಿ, ಇಂದಿರಾಪುರಂನಲ್ಲಿ ಫ್ಲ್ಯಾಟ್ ಹಿಡಿದು, ಸೆಕೆಂಡ್ ಹ್ಯಾಂಡ್ ಕ್ವಾಲಿಸ್ ಗಾಡಿ ಓಡಿಸುತ್ತಿದ್ದೆ. ಊರಿನ ತುಂಬ ಮೆಟ್ರೊ ಕಂಬಗಳು ಏಳುತ್ತಿದ್ದ ಕಾಲ ಅದು.

ಆಗ ಸುಮಿತ್ರಾ ಮೇಡಂ ಫೋನ್ ಮಾಡಿದರು. ವಸಂತ್ ಕುಂಜ್ ಕಡೆ ವಿಶ್ವವಿದ್ಯಾಲಯದ ಕ್ವಾರ್ಟರ್ಸ್‌ನಲ್ಲಿದ್ದರು. ಸಸ್ಯಶಾಸ್ತ್ರದ ಪ್ರೊಫೆಸರ್, ಮೈಸೂರಿನವರು, ಒಬ್ಬರೇ. ಆ ಬೇಸಿಗೆಗೆ ನಿವೃತ್ತಿ, ಕ್ವಾರ್ಟರ್ಸ್ ಬಿಡಬೇಕು. ಅರಾವಳಿಯ ಗಿಡಗಳ ಹಿಂದೆ ಜೀವಮಾನವೆಲ್ಲ ಅಲೆದವರು, ಸೋಹ್ನಾ ದಾಟಿ ಗುಡ್ಡದ ಬುಡದ ಒಂದು ಹಳ್ಳಿಯಲ್ಲಿ ಪಾಳುಮನೆಯೊಂದನ್ನು ಕೊಂಡುಬಿಟ್ಟಿದ್ದರು.

"ಕನ್ನಡದವರಂತೆ ನೀವು, ಅದಕ್ಕೇ ಫೋನ್ ಮಾಡಿದೆ. ಕನ್ನಡದಲ್ಲಿ ಜಗಳ ಆಡೋಕೆ ಒಬ್ಬ ಠೇಕೇದಾರ್ ಬೇಕಾಗಿತ್ತು."

"ಜಗಳಕ್ಕೆ ಬೇರೆ ಚಾರ್ಜ್ ಇಲ್ಲ ಮೇಡಂ," ಎಂದೆ.

ಮನೆ ನೋಡಿದೆ. ಇಳಿಜಾರಿನಲ್ಲಿ ಕೂತ ಕಲ್ಲಿನ ಮನೆ. ಮುಖ ಗುಡ್ಡದ ಕಡೆಗೆ, ಬೆನ್ನು ತಗ್ಗಿನಲ್ಲಿದ್ದ ಕೊಳದ ಕಡೆಗೆ. ಕೊಳವನ್ನು ಅಲ್ಲಿಯವರು ಜೋಹಡ್ ಎನ್ನುತ್ತಾರೆ. ಮಳೆಗಾಲದಲ್ಲಿ ಗುಡ್ಡದಿಂದ ಇಳಿಯುವ ನೀರೆಲ್ಲ ಅದರಲ್ಲಿ ನಿಲ್ಲುತ್ತದೆ. ಅರ್ಧ ಚಾವಣಿ ಬಿದ್ದಿತ್ತು. ನೆಟ್ಟಗಿದ್ದದ್ದು ಹಿಂಬದಿಯ ಒಂದು ದೊಡ್ಡ ಕೋಣೆ ಮಾತ್ರ, ಉದ್ದುದ್ದ ಕಲ್ಲುಚಪ್ಪಡಿಗಳ ಚಾವಣಿ. ಅದರ ಹಿಂಗೋಡೆಯ ಹೊರಮೈಗೆ ಎದೆಮಟ್ಟ ಮೀರಿ ಮಣ್ಣಿನ ದಿಬ್ಬ ಒರಗಿತ್ತು. ಅದರಲ್ಲಿ ಜಾಲಿಗಿಡ, ಬೂದಿ, ಒಡೆದ ಮಡಕೆ, ತಲೆತಲಾಂತರದ ಕಸ. ಮೇಲೆ ಪಕ್ಕದ ಮನೆಯ ಮುದುಕಿ ಬೆರಣಿ ಒಟ್ಟಿದ್ದಳು.

ಮೇಡಂ ಖಡಾಖಂಡಿತ ಮಾತಿನವರು. "ಈ ಜಾಗಕ್ಕೆ ಒಪ್ಪದ್ದು ಒಂದೂ ಬೇಡ. ಇಲ್ಲಿದ್ದೇ ಕಲ್ಲು, ಸುಣ್ಣದ ಗಾರೆ, ಇಲ್ಲಿದ್ದೇ ಗಿಡ. ಹುಲ್ಲುಹಾಸು ಅಂದರೆ ನಿಮ್ಮನ್ನ ಓಡಿಸ್ತೀನಿ." ಆರ್ಕಿಟೆಕ್ಟ್ ಅನಿರುದ್ಧ್, ಕಿವಿಗೆ ಒಂಟಿ ಹಾಕಿಕೊಂಡಿದ್ದ ಚುರುಕು ಹುಡುಗ, ಪ್ರತಿ ಮಾತಿಗೂ ತಲೆಯಾಡಿಸಿ ಬರೆದುಕೊಂಡ. ನನಗೂ ಒಪ್ಪಿಗೆಯೇ. ದೆಹಲಿಯವರು ಹಳ್ಳಿಗೆ ಹೋಗಿ ಬಿಳಿ ಮಾರ್ಬಲ್ ಹಾಕಿಸುವುದನ್ನು ನೋಡಿ ನೋಡಿ ಬೇಸತ್ತಿದ್ದೆ.

ಇಷ್ಟೆಲ್ಲ ಹೇಳಿ ಮೇಡಂ ಹಿಂಗೋಡೆಯ ಮುಂದೆ ನಿಂತರು. "ಒಂದೇ ಒಂದು ಆಸೆ ಇದೆ ರೀ. ಕೊಳದ ಕಡೆಗೆ ಒಂದು ಕಿಟಕಿ. ದೊಡ್ಡದು. ಬೆಳಿಗ್ಗೆ ಎದ್ದರೆ ನೀರು ಕಾಣಬೇಕು. ಇಷ್ಟು ಚೆಂದದ ಕೊಳ ಇಟ್ಟುಕೊಂಡು ಈ ಮನೆ ಯಾಕೆ ಅದಕ್ಕೆ ಬೆನ್ನು ಹಾಕಿದೆ?"

ಅನಿರುದ್ಧ್, "ಆ ಕಾಲದಲ್ಲಿ ವ್ಯೂ ಅನ್ನೋ ಕಲ್ಪನೆಯೇ ಇರಲಿಲ್ಲ ಮ್ಯಾಮ್" ಎಂದ.

ಮೂವರಿದ್ದೆವು ಅಲ್ಲಿ. ಮೇಡಂ ಕೇಳಿದ್ದು ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಹುಡುಕದೆ ಮೂವರೂ ಮುಂದಿನ ಮಾತಿಗೆ ಹೋದೆವು. ಈ ಕೆಲಸಕ್ಕೆ ಬರುವವರು ಇದೊಂದನ್ನು ಬರೆದಿಟ್ಟುಕೊಳ್ಳಿ: ಹಳೆಯ ಮನೆ ಒಂದು ಕಡೆ ಬೆನ್ನು ಹಾಕಿದ್ದರೆ ಅದಕ್ಕೊಂದು ಕಾರಣ ಇರುತ್ತದೆ. ಕಾರಣ ಸಿಗುವ ತನಕ ಗುದ್ದಲಿ ಎತ್ತಬೇಡಿ.

ನಾವು ಎತ್ತಿದೆವು. ದೆಹಲಿಯ ಠೇಕೇದಾರನ ಮೊದಲ ಶಾಸ್ತ್ರವೇ ಮಲಬಾ ತೆಗೆಸುವುದು. ಮಲಬಾ ಎಂದರೆ ಕಟ್ಟಡದ ಕಸ, ಮಣ್ಣು, ಕಲ್ಲುಪುಡಿ. ನಿವೇಶನ ಸ್ವಚ್ಛವಾದ ಮೇಲೆಯೇ ಪೂಜೆ. ದಿಬ್ಬ ನಮ್ಮ ಕಣ್ಣಿಗೆ ಮಲಬಾ. ಬೇರೆಯವರು ಅದನ್ನು ಎತ್ತಿಸಲು ದುಡ್ಡು ಕೊಡುತ್ತಾರೆ. ಹತ್ತಿರದಲ್ಲೇ ರಸ್ತೆ ಅಗಲ ಮಾಡುತ್ತಿದ್ದವನಿಗೆ ಮಣ್ಣು ಬೇಕಾಗಿದೆ ಎಂದು ತಿಳಿದು, ಅವನ ಲಾರಿ, ಅವನ ಆಳು, ಮೇಲೆ ನನಗೇ ಒಂದಿಷ್ಟು ಕೊಡುವಂತೆ ಒಪ್ಪಿಸಿದೆ. ಮೇಡಂ ಬೆರಗಾದರು. "ಕಸ ಮಾರಿ ಬಂದಿರಲ್ರೀ!" ಎಂದರು. ಅವತ್ತು ಮನೆಗೆ ಜಿಲೇಬಿ ಕಟ್ಟಿಸಿಕೊಂಡು ಹೋದೆ.

ಅಡ್ಡ ಬಂದವಳು ಪಕ್ಕದ ಮನೆಯ ಧನ್ನೋ. ಊರಿಗೆಲ್ಲ ಅವಳು ತಾಈ, ಅಂದರೆ ದೊಡ್ಡಮ್ಮ. ಲಾರಿಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಏ ಮದ್ರಾಸಿ! ಮನೆಯ ರಜಾಯಿ ಕಿತ್ತುಕೊಂಡು ಹೋಗ್ತೀಯೇನೋ?"

"ತಾಈ, ನಾನು ಮದ್ರಾಸಿ ಅಲ್ಲ, ಕರ್ನಾಟಕದವನು."

"ಗುಡ್ಡದ ಆಚೆಯವರೆಲ್ಲ ಮದ್ರಾಸಿಗಳೇ. ನನ್ನ ಬೆರಣಿ ಎಲ್ಲಿಡಲಿ, ನಿನ್ನ ತಲೆ ಮೇಲೆ?"

ಅಂಗಳದ ಬದಿಯಲ್ಲಿ ಒಂದು ಕಲ್ಲುಕಟ್ಟೆ ಕಟ್ಟಿಸಿಕೊಡುತ್ತೇನೆ ಎಂದು ಸಮಾಧಾನ ಮಾಡಿದೆ. ದಿಬ್ಬವನ್ನು ರಜಾಯಿ, ಅಂದರೆ ದಪ್ಪ ಹೊದಿಕೆ, ಎಂದದ್ದು ಎಲ್ಲ ತಿಳಿದೇ ಎಂದು ನಾನು ಆಮೇಲೆ ಭಾವಿಸಿಕೊಂಡು, ಎಷ್ಟೋ ದಿನ ಕಳೆದ ಮೇಲೆ ಅವಳನ್ನೇ ಕೇಳಿದೆ. "ನನಗೇನು ಗೊತ್ತು? ನನಗೆ ಬೆರಣಿಯ ಚಿಂತೆ," ಎಂದಳು.

ಮಣ್ಣು ಹೋದ ಮೇಲೆ ಗೋಡೆ ನಿಜಕ್ಕೂ ಚೆಂದ ಕಂಡಿತು. ಕಂದು, ಬೂದು ಕಲ್ಲುಗಳು; ಅನಿರುದ್ಧ್ ಎಷ್ಟು ಫೋಟೊ ತೆಗೆದನೋ. ಕಿಟಕಿಗೆ ನಾನು ಹಳೆಯ ಶೀಶಮ್ ಮರದ ಚೌಕಟ್ಟೊಂದನ್ನು ಹುಡುಕಿ ತಂದೆ, ಅಂಚಿನಲ್ಲಿ ದ್ರಾಕ್ಷಿ ಗೊಂಚಲಿನ ಕೆತ್ತನೆ. ಮೇವಾತದ ಇಲಿಯಾಸ್ ಮಿಸ್ತ್ರಿ ಕಲ್ಲು ಬಿಡಿಸಲು ಶುರುಮಾಡಿದ. ಇಲಿಯಾಸ್ ಕೆಲಸದಲ್ಲಿ ಘಟಿಗ, ಬಾಯಲ್ಲಿ ಅದಕ್ಕಿಂತ ಘಟಿಗ. ಅವನು ಮಾಡಿದ ಕೆಲಸವನ್ನು ಅವನ ಎದುರಿಗೆ ಹೊಗಳಲು ಯಾರಿಗೂ ಅವಕಾಶ ಸಿಗುತ್ತಿರಲಿಲ್ಲ, ಅವನೇ ಹೊಗಳಿ ಮುಗಿಸಿರುತ್ತಿದ್ದ.

ಕಿಟಕಿಯ ಕಂಡಿ ಅರ್ಧ ತೆರೆದಾಗ ಮೊದಲ ಸಲ ಆ ಸದ್ದು ಕೇಳಿಸಿತು. ಗೋಡೆಯ ಒಳಗೆ ಯಾರೋ ಡಬ್ಬಕ್ಕೆ ರವೆ ಸುರಿದ ಹಾಗೆ. ಸರ್ರ್... ನಿಂತಿತು. ಮತ್ತೆ ಸ್ವಲ್ಪ.

ಇಲಿಯಾಸ್ ಉಳಿ ತಡೆದು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಇಲಿ," ಎಂದ ಅವನು.

"ಇಲಿಯೇ ಇರಬೇಕು," ಎಂದೆ ನಾನು.

ಆ ಗೋಡೆಗಳ ಕಟ್ಟಣೆ ನಿಮಗೆ ತಿಳಿದಿರಲಿ: ಹೊರಗೊಂದು ಕಲ್ಲಿನ ಪದರ, ಒಳಗೊಂದು ಕಲ್ಲಿನ ಪದರ, ನಡುವೆ ಮಣ್ಣು ಮತ್ತು ಚೂರುಕಲ್ಲು ತುಂಬಿರುತ್ತಾರೆ. ನಡುವಿನದು ಕೆಳಗೆ ಇಳಿಯಲು ಶುರುವಾದರೆ ಅದು ಬೆಣೆಯಂತೆ ಎರಡು ಪದರಗಳನ್ನೂ ದೂಡುತ್ತದೆ. ಚಾವ್ಲಾಜಿ ಹೇಳಿದ ಮಾತು ಅದೇ ಎಂದು ಅರಿವಾಗಬೇಕಿತ್ತು. ಅರಿವಾಗಿತ್ತು ಕೂಡ. ಆದರೆ ಕಿಟಕಿ ಅರ್ಧ ಆಗಿತ್ತು, ಮೇಡಂ ಕ್ವಾರ್ಟರ್ಸ್ ಬಿಡುವ ದಿನ ಹತ್ತಿರ ಬಂದಿತ್ತು, ಇಲಿ ಎಂಬ ಪದ ಬಾಯಿಗೆ ಸುಲಭವಾಗಿತ್ತು.

ಚೌಕಟ್ಟು ಕೂರಿಸುವ ಮೊದಲೇ ಕಂಡಿಯ ಮೇಲ್ಮೂಲೆಯಿಂದ ಕೂದಲೆಳೆಯಷ್ಟು ಸಣ್ಣ ಬಿರುಕು ಚಾವಣಿಯ ಕಡೆ ಹತ್ತಿತು. ಅನಿರುದ್ಧ್, "ಸೆಟಲ್ ಆಗ್ತಿದೆ, ಅಷ್ಟೇ" ಎಂದ. ನನ್ನ ಕೆಲಸದಲ್ಲಿ ನಾನು ಕೇಳಿದ ಅತ್ಯಂತ ಅಪಾಯದ ಮಾತು ಈ ಸೆಟಲ್. ಮನುಷ್ಯರು ಸೆಟಲ್ ಆದರೆ ಊರೂರಲ್ಲಿ ಲಾಡು ಹಂಚುತ್ತಾರೆ. ಗೋಡೆ ಸೆಟಲ್ ಆಗುತ್ತಿದೆ ಎಂದರೆ ಯಾರದೋ ತಲೆಯ ಮೇಲೆ ಆಗಲು ಹೊರಟಿದೆ ಎಂದು ತಿಳಿಯಿರಿ.

ಬಿರುಕಿಗೆ ಗಾಜು ಹಾಕಿದೆ. ಇದು ಸುಲಭದ ವಿದ್ಯೆ, ಕಲಿತುಕೊಳ್ಳಿ. ತೆಳ್ಳನೆಯ ಗಾಜನ್ನು ಬೆರಳಗಲದ ಪಟ್ಟಿ ಕತ್ತರಿಸಿ, ಬಿರುಕಿಗೆ ಅಡ್ಡವಾಗಿಟ್ಟು, ಎರಡು ತುದಿಯನ್ನೂ ಪ್ಲಾಸ್ಟರ್ ಹಾಕಿ ಗೋಡೆಗೆ ಬಿಗಿಯಬೇಕು. ಗೋಡೆ ಎಳ್ಳಿನಷ್ಟು ಸರಿದರೂ ಗಾಜು ಒಡೆಯುತ್ತದೆ. ಸಿಮೆಂಟ್ ಮೆತ್ತಿ ಬಿರುಕು ಮುಚ್ಚಬೇಡಿ. ಅಳುವ ಮಗುವಿನ ಬಾಯಿ ಕಟ್ಟಿದರೆ ಹೊಟ್ಟೆನೋವು ಹೋಗುವುದಿಲ್ಲ.

ಅದೇ ವಾರ ಮೇಡಂ ಸಾಮಾನಿನ ಸಮೇತ ಬಂದುಬಿಟ್ಟರು. ಸಾಮಾನು ಎಂದರೆ ಒಂದು ಮಂಚ, ಪಾತ್ರೆ, ಪುಸ್ತಕ, ಮತ್ತು ದಪ್ಪ ಕಾಗದದ ನಡುವೆ ಒಣಗಿಸಿ ಅಂಟಿಸಿದ ಗಿಡಗಳ ಕಟ್ಟುಗಳು. ಗೋಡೆಯುದ್ದಕ್ಕೂ ಆ ಕಟ್ಟುಗಳನ್ನು ಪೇರಿಸಿದರು. ಈ ಗುಡ್ಡದಲ್ಲಿ ಈಗ ಹುಡುಕಿದರೂ ಸಿಗದ ಗಿಡಗಳು ಅದರಲ್ಲಿವೆ ಎಂದರು.

"ಮೇಡಂ, ಮಳೆ ಕಳೆಯೋ ತನಕ ಮುಂದಿನ ಪಡಸಾಲೆಯಲ್ಲಿ ಮಲಗಿ. ಈ ಗೋಡೆ ನನಗೆ ಹಿಡಿಸ್ತಾ ಇಲ್ಲ."

"ಬಸವರಾಜ್, ಜೀವಮಾನ ಪೂರ್ತಿ ಕ್ವಾರ್ಟರ್ಸ್‌ನಲ್ಲಿ ಇದ್ದೆ. ಗೋಡೆಗೆ ಒಂದು ಮೊಳೆ ಹೊಡೆಯೋಕೂ ಅರ್ಜಿ ಕೊಡಬೇಕಾಗಿತ್ತು. ಈಗ ನನ್ನ ಮನೇಲಿ ನಾನು ಎಲ್ಲಿ ಮಲಗಬೇಕು ಅಂತ ನೀವು ಹೇಳ್ತೀರಾ?"

"ಅಪಾಯ ಇದೆ ಅಂತ..."

"ನನಗೆ ಬೇರೆ ಮನೆ ಎಲ್ಲಿದೆ ಹೇಳಿ?"

ಅವರು ಕೂಡಿಟ್ಟದ್ದೆಲ್ಲ ಆ ಕಲ್ಲಿನೊಳಗೆ ಹಾಕಿ ಆಗಿತ್ತು. ಇಂದಿರಾಪುರಂಗೆ ಬಂದು ನಮ್ಮ ಜೊತೆ ಇರಿ ಎಂದು ನನ್ನ ಹೆಂಡತಿ ಗಿರಿಜಾ ಫೋನಿನಲ್ಲಿ ಹೇಳಿದಳು. ಮೇಡಂ ನಕ್ಕು, "ನಿಮ್ಮ ಹನ್ನೆರಡನೇ ಮಹಡಿಗೆ ಹತ್ತೋಕೆ ನನಗೆ ಹೆದರಿಕೆ" ಎಂದರು.

ಆಮೇಲಿನ ದಿನಗಳಲ್ಲಿ ನಾನು ಆಕಾಶ ನೋಡಲು ಕಲಿತೆ. ಬಾಲ್ಕನಿಯಲ್ಲಿ ನಿಂತು ಮೋಡ ಎಣಿಸುತ್ತಿದ್ದೆ. ತಿಂಡಿಗೆ ಉಪ್ಪಿಟ್ಟು ಮಾಡಲೆಂದು ಗಿರಿಜಾ ಡಬ್ಬದಿಂದ ರವೆ ಸುರಿದರೆ ಬೆಚ್ಚಿಬೀಳುತ್ತಿದ್ದೆ. "ಏನ್ರೀ ನಿಮಗಾಗಿರೋದು?" ಎಂದು ಅವಳು ಕೇಳುತ್ತಿದ್ದಳು.

ಮಳೆ ಬಂತು. ದೆಹಲಿಯವರು ಕಾರು ನಿಲ್ಲಿಸಿ ಪಕೋಡ ತಿನ್ನುವಂಥ ಮಳೆ. ಬೆಳಿಗ್ಗೆ ಮೇಡಂ ಅವರ ಫೋನ್.

"ನಿಮ್ಮ ಗಾಜು ಟಿಕ್ ಅಂತು ರೀ."

"ಹೊರಗೆ ಬನ್ನಿ ಮೇಡಂ. ಈಗಲೇ ಹೊರಗೆ ಬನ್ನಿ."

"ಬರ್ತೀನಿ, ಕಟ್ಟುಗಳನ್ನ ಒಂದೊಂದಾಗಿ..." ಲೈನ್ ಹೋಯಿತು. ಗುಡ್ಡದ ಬುಡದಲ್ಲಿ ಮಳೆ ಬಂದರೆ ಸಿಗ್ನಲ್ ಹೋಗುತ್ತಿತ್ತು.

ಆ ದಾರಿಯಲ್ಲಿ ನಾನು ಗಾಡಿ ಹೇಗೆ ಓಡಿಸಿದೆನೋ. ರಸ್ತೆಯಲ್ಲಿ ಮೊಣಕಾಲುದ್ದ ನೀರು, ಅಗೆದ ಗುಂಡಿಗಳು, ಕೆಟ್ಟುನಿಂತ ಬಸ್ಸುಗಳು. ಪ್ರತಿ ಜಾಮಿನಲ್ಲೂ ಫೋನ್ ಒತ್ತುತ್ತಿದ್ದೆ. ಪ್ರತಿ ಸಲವೂ ಒಬ್ಬ ಹೆಂಗಸು ಹಿಂದಿಯಲ್ಲಿ, ನೀವು ಕರೆ ಮಾಡುತ್ತಿರುವವರು ಸಂಪರ್ಕಕ್ಕೆ ಸಿಗುತ್ತಿಲ್ಲ ಎನ್ನುತ್ತಿದ್ದಳು. ಚಪ್ಪಟೆಯಾದ ಚೊಂಬು ಕಣ್ಣ ಮುಂದೆಯೇ ಇತ್ತು. ಮನಸ್ಸು ಅದರ ಜಾಗದಲ್ಲಿ ಬೇರೆ ಏನನ್ನೋ ಇಡಲು ನೋಡುತ್ತಿತ್ತು. ನಾನು ಜೋರಾಗಿ ಹಾರ್ನ್ ಒತ್ತುತ್ತಿದ್ದೆ.

ತಲುಪಿದಾಗ ಮಳೆ ಸಣ್ಣಗಾಗಿತ್ತು. ಮೊದಲು ಹಿಂಬದಿಗೆ ಓಡಿ ನೋಡಿದೆ. ಗೋಡೆ ಹೊಟ್ಟೆ ಬಿಟ್ಟಿತ್ತು. ಕಲ್ಲಿನ ಸಂದುಗಳಿಂದ ಕೆಂಪು ನೀರು ಒಸರುತ್ತಿತ್ತು. ಆಗ ಎಲ್ಲವೂ ಒಟ್ಟಿಗೆ ತಿಳಿಯಿತು. ಇಳಿಜಾರಿನ ಮನೆಗೆ ನೆಲ ಸಮ ಮಾಡಲು ಕಟ್ಟಿದವರು ಕೋಣೆಯ ನೆಲದ ಕೆಳಗೆ ಮಣ್ಣು ತುಂಬಿಸಿದ್ದರು. ಗುಡ್ಡದ ನೀರು ಅಂಗಳಕ್ಕೆ ನುಗ್ಗಿ, ಆ ಮಣ್ಣನ್ನು ನೆನೆಸಿ, ಗೋಡೆಯನ್ನು ಕೊಳದ ಕಡೆ ದೂಡುತ್ತಿತ್ತು. ಹೊರಗಿನಿಂದ ಎದೆಕೊಟ್ಟು ತಡೆದಿದ್ದದ್ದು ಆ ದಿಬ್ಬ. ಅದು ಈಗ ರಸ್ತೆಯ ಕೆಳಗಿತ್ತು.

ಮೇಡಂ ಒಳಗಿದ್ದರು. ಗಿಡಗಳ ಕಟ್ಟನ್ನು ಎದೆಗೆ ಅವುಚಿಕೊಂಡು ಬಾಗಿಲವರೆಗೆ ತಂದಿಟ್ಟು ಮತ್ತೆ ಒಳಗೆ ಹೋಗುತ್ತಿದ್ದರು.

"ಮೇಡಂ, ಬಿಡಿ ಅವನ್ನ!"

"ಇನ್ನು ಸ್ವಲ್ಪ ಇದೆ. ನೀವು ಅಲ್ಲೇ ನಿಂತು ಕಿರುಚೋ ಬದಲು ಎರಡು ಎತ್ತಿಕೊಳ್ಳಿ."

ಹೊಸ್ತಿಲ ಮೇಲೆ ನಿಂತ ನನ್ನ ಕಾಲು ಏಳಲಿಲ್ಲ. ನಿಜ ಹೇಳುತ್ತೇನೆ, ಏಳಲಿಲ್ಲ. ಗೋಡೆಯೊಳಗೆ ರವೆ ನಿಲ್ಲದೆ ಸುರಿಯುತ್ತಿತ್ತು. ಮೇಲೆ ಚಪ್ಪಡಿಯೊಂದು ಹಲ್ಲು ಕಡಿದಂತೆ ಸದ್ದು ಮಾಡಿತು. ಮೇಡಂ ತಲೆ ಎತ್ತಿ ಅದನ್ನು ನೋಡಿ, ಮತ್ತೆ ಬಗ್ಗಿ ಇನ್ನೊಂದು ಕಟ್ಟು ಎತ್ತಿದರು. ಅದನ್ನು ನೋಡಿ ನಾನು ಒಳಗೆ ಹೋದೆ. ಧೈರ್ಯದಿಂದಲ್ಲ, ಅವರನ್ನು ಬಿಟ್ಟು ಹೊರಗೆ ನಿಂತಿರುವುದು ಒಳಗೆ ಹೋಗುವುದಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಕೊನೆಯ ಕಟ್ಟುಗಳನ್ನು ಹೊರಗೆ ಹಾಕಿ ಅವರ ತೋಳು ಹಿಡಿದು ಎಳೆದುಕೊಂಡು ಬಂದೆ.

ದಾರಿಯಲ್ಲೇ ಫೋನ್ ಮಾಡಿ ಕರೆದಿದ್ದೆ, ಇಲಿಯಾಸ್ ಆಳುಗಳ ಜೊತೆ ಬಂದಿದ್ದ. ಮೊದಲು ಅಂಗಳದ ಬದಿಯಲ್ಲಿ ಕಾಲುವೆ ತೋಡಿಸಿ, ಗುಡ್ಡದ ನೀರನ್ನು ಮನೆಯ ಪಕ್ಕದಿಂದ ಕೊಳಕ್ಕೆ ತಿರುಗಿಸಿದೆವು. ಆಮೇಲಿನದು ಮರದ ಕಂಬಗಳನ್ನು ಹೊರಗಿನಿಂದ ಗೋಡೆಗೆ ಓರೆಯಾಗಿ ಊರುವ ಕೆಲಸ. ಅದಕ್ಕೆ ಯಾರಾದರೂ ಆ ಹೊಟ್ಟೆಯ ಕೆಳಗೆ ನಿಲ್ಲಬೇಕು.

"ಎರಡು ಪಟ್ಟು ಕೊಡ್ತೀನಿ ಇಲಿಯಾಸ್."

"ಬಸ್ಸು ಸಾಬ್," ಎಂದ ಅವನು. ಬಸವರಾಜ ಎನ್ನಲು ಬಾರದೆ ನನ್ನನ್ನು ಹಾಗೇ ಕರೆಯುತ್ತಿದ್ದ. ಅವತ್ತು ಅವನ ದನಿಯಲ್ಲಿ ಜಂಭ ಇರಲಿಲ್ಲ. "ಇದಕ್ಕೆ ರೇಟಿಲ್ಲ. ನನಗೂ ಮಕ್ಕಳಿದ್ದಾರೆ."

ಚೌಕಾಸಿಯಲ್ಲಿ ಬದುಕಿದವನಿಗೆ ಇದಕ್ಕಿಂತ ದೊಡ್ಡ ಗೋಡೆ ಎದುರಾಗುವುದಿಲ್ಲ. ಸುಮ್ಮನೆ ಚಪ್ಪಲಿ ಬಿಟ್ಟು, ಒಂದು ಕಂಬದ ತುದಿ ಹಿಡಿದು, ಗೋಡೆಯ ಕೆಳಗೆ ಹೋಗಿ ನಿಂತೆ. ಸ್ವಲ್ಪ ಹೊತ್ತಿಗೆ ಇನ್ನೊಂದು ತುದಿಯ ಭಾರ ಇಳಿಯಿತು. ಇಲಿಯಾಸ್ ಹಿಡಿದಿದ್ದ. "ನಿಮಗೆ ಕಂಬ ನಿಲ್ಲಿಸೋಕೆ ಬರಲ್ಲ, ಬಿಡಿ" ಎಂದು ಬೈದ. ಕಂಬಗಳನ್ನು ಊರಿದೆವು. ಕಿಟಕಿಯ ಕಂಡಿ ಕುಸಿಯದಂತೆ ಆ ಶೀಶಮ್ ಚೌಕಟ್ಟನ್ನೇ ಅದರೊಳಗೆ ಬಡಿದು ಕೂರಿಸಿ ಅಡ್ಡಮರ ಕೊಟ್ಟೆವು. ಬಿರುಕಿಗೆ ಹೊಸ ಗಾಜು ಹಾಕಿದೆ.

ಕಂಬ ಒಂದೆರಡು ಮಳೆ ತಡೆಯಬಹುದು, ಅಷ್ಟೇ. ಮಣ್ಣು ಬೇಕು. ರಸ್ತೆಯವನ ಲಾರಿಗಳು ಕೆಸರಿನಲ್ಲಿ ಹೂತು ನಿಂತಿದ್ದವು. ಕೊಳದ ದಂಡೆಯ ಮೇಲೆ ಮಾತ್ರ ಗಟ್ಟಿ ಹೂಳಿನ ರಾಶಿಗಳಿದ್ದವು. ಬೇಸಿಗೆಯಲ್ಲಿ ಊರವರು ತೋಡಿ ಹಾಕಿದ್ದು. ಧನ್ನೋ ತಾಈ ಬಾಗಿಲಲ್ಲಿ ಕೂತಿದ್ದಳು.

"ತಾಈ, ಆ ಮಣ್ಣಿಗೆ ಎಷ್ಟು ಹೇಳು."

"ಜೋಹಡಿನ ಮಣ್ಣು ಮಾರೋದಿಲ್ಲ."

ನಾನು ಒಂದು ಮೊತ್ತ ಹೇಳಿದೆ. ಅವಳು ಹುಕ್ಕಾ ಎಳೆದಳು. ಇನ್ನೊಂದು ಹೇಳಿದೆ. ಹುಕ್ಕಾ ಗುಡುಗುಡು ಎಂದಿತು. ನನ್ನ ವಿದ್ಯೆಯನ್ನೇ ನನ್ನ ಮೇಲೆ ಮಾಡುತ್ತಿದ್ದಳು.

"ಮಳೆಗೆ ಮುಂಚೆ ಮನೆಗೊಬ್ಬರು ಬುಟ್ಟಿ ಹೊತ್ತು ಕೊಳ ತೋಡ್ತೀವಿ," ಎಂದಳು ಕೊನೆಗೆ. "ಹೊತ್ತ ಮನೆಗೆ ಆ ಮಣ್ಣು. ಹೊರದ ಮನೆಗೆ ಇಲ್ಲ. ಈ ಹವೇಲಿಯವರು ಊರು ಬಿಟ್ಟ ಮೇಲೆ ಈ ಬಾಗಿಲಿಂದ ಒಂದು ಬುಟ್ಟಿಯೂ ಬಂದಿಲ್ಲ."

"ನಾನು ಆಳು ಕಳಿಸ್ತೀನಿ."

"ಆಳು ನೀರು ಕುಡಿಯುತ್ತಾನಾ ಇಲ್ಲಿ? ಮನೆಯವಳು ಬರಲಿ. ವರ್ಷಾ ವರ್ಷಾ. ಹಾಗಾದರೆ ಈ ಸಲ ಸಾಲ."

ಹಿಂದೆ ಮೇಡಂ ನಿಂತಿದ್ದರು. ಸೀರೆ, ಕೂದಲು, ಕನ್ನಡಕ ಎಲ್ಲ ಕೆಸರು. "ಬರ್ತೀನಿ," ಎಂದರು.

"ಬೆರಣಿ ಮತ್ತೆ ಅಲ್ಲೇ ಇಡ್ತೀನಿ."

"ಇಡಿ."

"ದಿಬ್ಬ ಹಾಕಿದರೆ ನಿನ್ನ ಕಿಟಕಿ ಮುಚ್ಚಿಹೋಗುತ್ತೆ, ಬಾಈ."

ಮೇಡಂ ಆ ಕಂಡಿಯ ಕಡೆ ನೋಡಿದರು. ಅದರಾಚೆ ತುಂಬುತ್ತಿದ್ದ ಕೊಳ ಕಾಣುತ್ತಿತ್ತು, ಮಳೆಹನಿ ಬಿದ್ದು ಕುದಿಯುವಂತೆ. ಬಹಳ ಚೆಂದವಿತ್ತು. "ಮುಚ್ಚಲಿ," ಎಂದರು.

ಊರಿನ ಹೆಂಗಸರು ಬುಟ್ಟಿ ಹಿಡಿದು ಬಂದರು. ಕಂಡಿಯನ್ನು ಇಲಿಯಾಸ್ ಕಲ್ಲಿನಿಂದ ತುಂಬಿದ. ಒಂದು ಪದರ ಮಣ್ಣು, ಒಂದು ಪದರ ಕಲ್ಲು, ಜಾಲಿಯ ಕೊಂಬೆ, ಮತ್ತೆ ಮಣ್ಣು. ತುಳಿದು ತುಳಿದು ಗಟ್ಟಿಮಾಡಿದೆವು. ಮರುದಿನ ಮತ್ತೆ ಮಳೆ. ನಾನು ಪಡಸಾಲೆಯಲ್ಲಿ ಕೂತು ಗಾಜನ್ನೇ ನೋಡುತ್ತಿದ್ದೆ. ಒಡೆಯಲಿಲ್ಲ. ಅನಿರುದ್ಧ್ ಬಂದವನು ಎಲ್ಲವನ್ನೂ ನೋಡಿ, ನಕ್ಷೆ ಮಡಚಿ ಬ್ಯಾಗಿಗೆ ಹಾಕಿ, ತಾನೂ ಬುಟ್ಟಿ ಎತ್ತಿಕೊಂಡ. ಅವತ್ತಿನಿಂದ ಅವನ ಬಾಯಲ್ಲಿ ಸೆಟಲ್ ಎಂಬ ಪದ ನಾನು ಕೇಳಲಿಲ್ಲ.

ಮನೆ ಆಯಿತು. ಈಗ ಗುಡ್ಡದ ಮೇಲಿನಿಂದ ನೋಡಿದರೆ ಅಲ್ಲೊಂದು ಮನೆ ಇದೆ ಎಂದೇ ತಿಳಿಯುವುದಿಲ್ಲ. ಗುಡ್ಡದ ಕಲ್ಲೇ ಸ್ವಲ್ಪ ಎದ್ದು ಕೂತಂತಿದೆ. ಹೋದವರೆಲ್ಲ ಹೊಗಳುತ್ತಾರೆ. ಮೇಡಂ ಮಳೆಗೆ ಮುಂಚೆ ಪ್ರತಿ ವರ್ಷ ಬುಟ್ಟಿ ಹೊರುತ್ತಾರೆ; ಮಳೆಯಲ್ಲಿ ಕರಗಿದಷ್ಟು ದಿಬ್ಬಕ್ಕೆ ಸೇರಿಸುತ್ತಾರೆ. ಕೊಳ ನೋಡಬೇಕಾದರೆ ಮೆಟ್ಟಿಲು ಹತ್ತಿ ಚಾವಣಿಗೆ ಹೋಗುತ್ತಾರೆ.

ಕೆಲಸ ಬಿಟ್ಟ ಮೇಲೆ ಒಮ್ಮೆ ಹೋಗಿದ್ದೆ. ಕೋಣೆಯಲ್ಲಿ ಕೂರಿಸಿ ಚಹಾ ಕೊಟ್ಟರು. ಮುಚ್ಚಿದ ಕಿಟಕಿಯ ಚೌಕಟ್ಟು ಒಳಗಿನಿಂದ ಗೂಡಿನಂತೆ ಉಳಿದಿದೆ, ದ್ರಾಕ್ಷಿ ಗೊಂಚಲಿನ ಸಮೇತ. ಅದರ ಮೇಲ್ಮೂಲೆಯಲ್ಲಿ ಗಾಜಿನ ಪಟ್ಟಿ. ಸುತ್ತ ಸುಣ್ಣ ಬಳಿದಿದ್ದಾರೆ, ಗಾಜಿಗೆ ಮಾತ್ರ ಒಂದು ಹನಿಯೂ ತಾಗಿಲ್ಲ. ಮಂಚದ ತಲೆಯ ಕಡೆ ಅದರ ಕೆಳಗೇ ಇತ್ತು.

"ಇನ್ನಾದರೂ ಅದನ್ನ ತೆಗೆಸೋಣ ಮೇಡಂ. ಗೋಡೆ ನಿಂತಿದೆ. ನೋಡೋಕೂ ಚೆನ್ನಾಗಿಲ್ಲ."

"ಬೇಡ ರೀ."

"ಮಂಚವನ್ನಾದರೂ ಆ ಕಡೆ ಹಾಕಿ."

"ಮೊದಲು ಆ ಕಡೆಯೇ ಇತ್ತು. ಅಲ್ಲಿಂದ ಟಿಕ್ ಅಂದರೆ ಕೇಳಿಸಲ್ಲ."

ನಾನು ಅವರ ಮುಖ ನೋಡಿದೆ. ಆ ದಿನ ಚಪ್ಪಡಿಯನ್ನು ತಲೆ ಎತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದ ಹೆಂಗಸು ಇವರೇ. "ನಿಮಗೆ ಅವತ್ತು ಭಯ ಆಗಲಿಲ್ಲ ಅಂದುಕೊಂಡಿದ್ದೆ."

"ಅವತ್ತು ಪುರಸೊತ್ತಿರಲಿಲ್ಲ," ಎಂದರು.

ಆಗ ಗೋಡೆಯೊಳಗೆ ಏನೋ ಸರಿಯಿತು. ಬಹಳ ಸಣ್ಣ ಸದ್ದು. ಮೇಡಂ ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದರು. ನಾನು ತುಟಿಗಿಟ್ಟ ಲೋಟವನ್ನು ಹಾಗೇ ಹಿಡಿದೆ. ಮತ್ತೆ ಸ್ವಲ್ಪ ಸರಿಯಿತು, ನಿಂತಿತು. ಇಬ್ಬರೂ ಗಾಜಿನ ಕಡೆ ನೋಡಿದೆವು. ಅದು ನೆಟ್ಟಗಿತ್ತು.

"ಇಲಿ," ಎಂದರು ಮೇಡಂ.

"ಇಲಿಯೇ," ಎಂದೆ.

ಬಳಿಕ ಇಬ್ಬರೂ ಲೋಟಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದು ಕೂತು ಉಳಿದ ಚಹಾ ಕುಡಿದೆವು.